ಮಂಡೆಗೆ ಪೆಟ್ಟು ಬಿದ್ದಾಗ: ಕಾಲೇಜು ತಂಡಗಳಿಗೊಂದು ಕನ್‌ಕಷನ್ ಮಾರ್ಗದರ್ಶಿ

"ಎಂತ ಆಗ್ಲಿಲ್ಲ ಸರ್, ಆಡ್ತೇನೆ."

ಮಂಗಳೂರು, ಉಡುಪಿ ಕಡೆಯ ಯಾವ ಕಾಲೇಜು ಮೈದಾನದಲ್ಲಿ ನಿಂತರೂ ಮಂಡೆಗೆ ಪೆಟ್ಟು ತಿಂದು ಎದ್ದವರ ಬಾಯಿಂದ ಬರುವ ಮೊದಲ ಮಾತು ಇದು. ಆ ಮಾತನ್ನು ನಂಬದೆ ಇರಲು ತಂಡದಲ್ಲಿ ಏನೇನು ಏರ್ಪಾಡು ಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು), ಕೋಚ್, ಕ್ಯಾಪ್ಟನ್, ಹಾಸ್ಟೆಲಿನ ರೂಮ್‌ಮೇಟ್, ನಾಲ್ವರಿಗೂ ಕೆಲಸವಿದೆ. ಪೆಟ್ಟು ತಿಂದವರಿಗೆ ಮಾತ್ರ ಕೆಲಸ ಕಡಿಮೆ. ತೀರ್ಮಾನ ಮಾಡಬೇಕಾದ ಮೆದುಳೇ ಏಟು ತಿಂದಿರುವಾಗ ತೀರ್ಮಾನವನ್ನು ಅವರ ಕೈಗೇ ಕೊಡುವುದು ನ್ಯಾಯವಲ್ಲ.

ತಲೆಗೆ, ಮುಖಕ್ಕೆ, ಕುತ್ತಿಗೆಗೆ, ಕೆಲವೊಮ್ಮೆ ಎದೆಗೆ ಬಿದ್ದ ಹೊಡೆತದ ಬಲ ತಲೆಯವರೆಗೆ ಹರಿದು, ಬುರುಡೆಯೊಳಗೆ ಮೆದುಳು ಒಮ್ಮೆಲೇ ಕುಲುಕಿದಾಗ ಆಗುವುದು ಕನ್‌ಕಷನ್. ನರತಂತುಗಳು ಎಳೆತಕ್ಕೆ ಸಿಕ್ಕಿ, ಜೀವಕೋಶಗಳೊಳಗಿನ ಪೊಟ್ಯಾಸಿಯಂ ಹೊರಕ್ಕೆ, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಅದನ್ನು ಮತ್ತೆ ಸರಿದೂಗಿಸಲು ಕೋಶಗಳಿಗೆ ಹೆಚ್ಚು ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರುತ್ತದೆ. ಬೇಡಿಕೆ ಜಾಸ್ತಿ, ಪೂರೈಕೆ ಕಮ್ಮಿ. ತಲೆನೋವು, ಮಂಪರು, ಬೆಳಕು ಕಂಡರೆ ಕಿರಿಕಿರಿ, ಓದಿದ್ದು ತಲೆಗೆ ಹತ್ತದಿರುವುದು, ಸುಮ್ಮಸುಮ್ಮನೆ ಸಿಟ್ಟು ಅಥವಾ ಅಳು, ಎಲ್ಲವೂ ಇದರ ಫಲ. ಹಾನಿ ಆಗಿರುವುದು ಕೆಲಸದಲ್ಲಿ, ಕಣ್ಣಿಗೆ ಕಾಣುವ ರಚನೆಯಲ್ಲಿ ಅಲ್ಲ. ಹಾಗಾಗಿ ಸಿ.ಟಿ. ಸ್ಕ್ಯಾನ್‌ನಲ್ಲಿ ಕನ್‌ಕಷನ್ ಕಾಣುವುದಿಲ್ಲ. ಸ್ಕ್ಯಾನ್ ಮಾಡುವುದು ಒಳಗೆ ರಕ್ತ ಸೋರಿದೆಯೇ, ಬುರುಡೆ ಬಿರಿದಿದೆಯೇ ಎಂದು ನೋಡಲು. "ಸ್ಕ್ಯಾನ್ ನಾರ್ಮಲ್, ನಾಳೆ ಆಡಬಹುದು" ಎಂಬ ವಾಕ್ಯದ ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು: ಹೆಚ್ಚಿನವರಿಗೆ ಕನ್‌ಕಷನ್‌ನಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಪ್ರಜ್ಞೆ ತಪ್ಪಲಿ ಎಂದು ಕಾದು ಕುಳಿತರೆ ಹತ್ತರಲ್ಲಿ ಎಂಟೊಂಬತ್ತು ನಮ್ಮ ಕಣ್ಣೆದುರೇ ದಾಟಿಹೋಗುತ್ತವೆ.

ಮೊದಲು ತಂಡದ ಮನಸ್ಸು ಓದಿ

ಪೋಸ್ಟರ್ ಅಂಟಿಸುವ ಮುಂಚೆ ನಿಮ್ಮವರಿಗೆ ಏನು ಗೊತ್ತು, ಗೊತ್ತಿದ್ದೂ ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳಬೇಕು. ಇವೆರಡೂ ಬೇರೆ ಬೇರೆ ಪ್ರಶ್ನೆ. 2004ರಲ್ಲಿ ಅಮೆರಿಕದ ಮಿಲ್ವಾಕಿ ಸುತ್ತಲಿನ ಹೈಸ್ಕೂಲುಗಳ 1,532 ಅಮೆರಿಕನ್ ಫುಟ್‌ಬಾಲ್ ಆಟಗಾರರ ಅಧ್ಯಯನವೊಂದು ಪ್ರಕಟವಾಯಿತು. ಆ ಋತುವಿನಲ್ಲಿ ಕನ್‌ಕಷನ್ ಆದವರಲ್ಲಿ ಯಾರಿಗಾದರೂ ಹೇಳಿಕೊಂಡವರು 47.3 ಶೇಕಡಾ ಮಾತ್ರ. ಹೇಳದವರು ಕೊಟ್ಟ ಮೊದಲ ಕಾರಣ "ಅಷ್ಟೇನು ದೊಡ್ಡದಲ್ಲ ಅಂದುಕೊಂಡೆ", ಎರಡನೆಯದು "ಆಟ ತಪ್ಪಿಹೋಗುತ್ತದೆ". ಮೊದಲನೆಯದಕ್ಕೆ ಪಾಠ ಹೇಳಬಹುದು. ಎರಡನೆಯದಕ್ಕೆ ಪಾಠ ಸಾಲದು.

ಋತು ಶುರುವಾಗುವ ಮುನ್ನ ಒಂದು ಚೀಟಿ ಮಾಡಿ. ಒಂದೇ ಪುಟ, ಹತ್ತು ನಿಮಿಷ, ಹೆಸರಿಲ್ಲ, ರಿಜಿಸ್ಟರ್ ನಂಬರಿಲ್ಲ. ಮೇಲ್ಭಾಗದಲ್ಲಿ ಸರಿ–ತಪ್ಪು ಗುರುತಿಸುವ ಆರು ಸಾಲು:

1. ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್. (ತಪ್ಪು)
2. ತಲೆಗೆ ನೇರವಾಗಿ ಏಟು ಬೀಳದೆಯೂ ಆಗಬಹುದು. (ಸರಿ)
3. ಸಿ.ಟಿ. ನಾರ್ಮಲ್ ಆದರೆ ಕನ್‌ಕಷನ್ ಇಲ್ಲ. (ತಪ್ಪು)
4. ಹೆಲ್ಮೆಟ್ ಇದ್ದರೆ ಆಗುವುದಿಲ್ಲ. (ತಪ್ಪು)
5. ಲಕ್ಷಣಗಳು ಕೆಲವು ಗಂಟೆ ಕಳೆದು ಕಾಣಿಸಬಹುದು. (ಸರಿ)
6. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. (ಸರಿ)

ಕೆಳಭಾಗದಲ್ಲಿ ಒಂದೇ ಒಂದು ಸನ್ನಿವೇಶ. ಇಂಟರ್ ಕಾಲೇಜು ಕಬಡ್ಡಿ ಸೆಮಿಫೈನಲ್, ನಾಲ್ಕು ನಿಮಿಷ ಬಾಕಿ, ನಮ್ಮ ತಂಡ ಎರಡು ಪಾಯಿಂಟ್ ಹಿಂದೆ. ಲೆಫ್ಟ್ ಕಾರ್ನರ್‌ನವನ ಹಣೆಗೆ ರೈಡರ್‌ನ ಮೊಣಕಾಲು ಬಡಿದು ಕಣ್ಣು ಮಂಜಾಗಿದೆ, ಬೇರೆ ಯಾರಿಗೂ ಗೊತ್ತಿಲ್ಲ. ಇದರ ಬಗ್ಗೆ ಎರಡು ಪ್ರಶ್ನೆ: "ನೀವಾಗಿದ್ದರೆ ಹೇಳುತ್ತಿದ್ದಿರಾ?", "ನಿಮ್ಮ ತಂಡದ ಉಳಿದವರು ಹೇಳುತ್ತಿದ್ದರೆಂದು ಅನಿಸುತ್ತದೆಯೇ?" ಎರಡಕ್ಕೂ 'ಖಂಡಿತ ಹೇಳುತ್ತೇನೆ'ಯಿಂದ 'ಖಂಡಿತ ಇಲ್ಲ'ದವರೆಗೆ ಐದು ಆಯ್ಕೆ. ತೂಕ ಇರುವುದು ಎರಡನೆಯ ಪ್ರಶ್ನೆಗೆ. ತನ್ನ ಬಗ್ಗೆ ಕೇಳಿದರೆ ಎಲ್ಲರೂ ಒಳ್ಳೆಯ ಉತ್ತರ ಬರೆಯುತ್ತಾರೆ, ಪಕ್ಕದವನ ಬಗ್ಗೆ ಕೇಳಿದರೆ ನಿಜ ಹೊರಬರುತ್ತದೆ.

ಚೀಟಿಯನ್ನು ಪಿ.ಡಿ. ಕೈಯಾರೆ ಸಂಗ್ರಹಿಸಬಾರದು. ತಂಡ ಆರಿಸುವವರ ಕೈಗೆ ಕೊಡುವ ಕಾಗದದಲ್ಲಿ ಯಾರು ತಾನೇ ಸತ್ಯ ಬರೆಯುತ್ತಾರೆ? ಮುಚ್ಚಿದ ಡಬ್ಬ ಇಡಿ, ಕೈಬರಹ ಗುರುತು ಸಿಗದಂತೆ ಟಿಕ್ ಮಾತ್ರ ಇರಲಿ. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯೇ ನೋಡಿ. ಕಾಲೇಜಿನ ಮೇಲ್ ಐಡಿಯಲ್ಲಿ ಅದು ಎಷ್ಟೋ ಸಲ ಆನ್ ಆಗಿಯೇ ಇರುತ್ತದೆ.

ಮೇಲಿನ ಆರರಲ್ಲಿ ತಂಡ ಎಡವಿದ್ದರೆ ಹದಿನೈದು ನಿಮಿಷದ ಒಂದು ಮಾತುಕತೆ ಸಾಕು. ಆರೂ ಸರಿ ಬರೆದು ಕೆಳಗಿನ ಎರಡನೆಯ ಪ್ರಶ್ನೆಗೆ 'ಹೇಳುವುದಿಲ್ಲ' ಎಂದು ಬರೆದಿದ್ದರೆ ಇನ್ನೊಂದು ಸೆಮಿನಾರ್ ಇಟ್ಟು ಊಟ ಹಾಕಿಸಿ ಪ್ರಯೋಜನವಿಲ್ಲ. ಅಂಥ ತಂಡಕ್ಕೆ ಬೇಕಿರುವುದು ಬೇರೆ ನಿಯಮ.

ನಿಯಮ ಬದಲಿಸಿ

ಮುಚ್ಚಿಟ್ಟರೆ ಜಾಗ ಉಳಿಯುತ್ತದೆ ಎಂಬುದು ಆಟಗಾರನ ಲೆಕ್ಕ. ಲೆಕ್ಕ ತಪ್ಪು ಎಂದು ಅಂಕಿಯಲ್ಲೇ ತೋರಿಸಿ. 2016ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ 69 ಹದಿಹರೆಯದ ಆಟಗಾರರಿದ್ದರು. ಪೆಟ್ಟು ಬಿದ್ದ ಕೂಡಲೇ ಹೊರಬಂದವರು ಸರಾಸರಿ 22 ದಿನಕ್ಕೆ ಚೇತರಿಸಿಕೊಂಡರು, ಆಟ ಮುಂದುವರಿಸಿದವರಿಗೆ 44 ದಿನ ಹಿಡಿಯಿತು. ಒಂದು ಅರ್ಧ ಆಟ ಉಳಿಸಲು ಹೋಗಿ ಮೂರು ವಾರ ಹೆಚ್ಚು. ಯೂನಿವರ್ಸಿಟಿ ತಂಡದ ಸೆಲೆಕ್ಷನ್ ಟ್ರಯಲ್ಸ್ ಆ ಮೂರು ವಾರದಲ್ಲೇ ಬಂದರೆ ಏನು ಗತಿ ಎಂದು ಕೇಳಿ. ಸಾವಿನ ಹೆದರಿಕೆಗಿಂತ ಈ ಪ್ರಶ್ನೆ ಇಪ್ಪತ್ತರ ಹರೆಯದವರಿಗೆ ಬೇಗ ನಾಟುತ್ತದೆ.

ಆಮೇಲೆ ಈ ನಾಲ್ಕನ್ನು ಬರೆದು, ಸಹಿ ಹಾಕಿಸಿ, ಸ್ಪೋರ್ಟ್ಸ್ ರೂಮಿನ ಬಾಗಿಲಿಗೆ ಅಂಟಿಸಿ. ಅನುಮಾನ ಬಂದರೆ ಹೊರಗೆ, ಅದೇ ದಿನ ಮರಳಿ ಒಳಗಿಲ್ಲ. ಹೊರಗೆ ಕರೆಯುವ ಅಧಿಕಾರ ಪಿ.ಡಿ.ಗೆ ಮಾತ್ರವಲ್ಲ, ಬೆಂಚಿನಲ್ಲಿ ಕುಳಿತ ಗೊತ್ತುಪಡಿಸಿದ ಒಬ್ಬರಿಗೂ ಇದೆ. ತಲೆ ಪೆಟ್ಟಿಗೆ ಹೊರಗೆ ಕುಳಿತವರ ಜಾಗ, ಗುಣವಾಗಿ ಬಂದಾಗ ಟ್ರಯಲ್ ಇಲ್ಲದೆ ಹಿಂದಕ್ಕೆ ಸಿಗುತ್ತದೆ. ಗೆಳೆಯನ ಲಕ್ಷಣ ಬಂದು ಹೇಳಿದವರನ್ನು ಚಾಡಿಕೋರ ಎಂದು ಕರೆದರೆ ಅದಕ್ಕೆ ಕ್ಯಾಪ್ಟನ್ ಹೊಣೆ. ಮೂರನೆಯದಿಲ್ಲದೆ ಉಳಿದ ಮೂರೂ ಬರೀ ಕಾಗದ.

ಬೆಂಚಿನಿಂದ ನೋಡುವವರನ್ನು ಆರಿಸುವಾಗ ಸ್ಕೋರ್ ನೋಡಿ ಕುಣಿಯುವವರನ್ನು ಬಿಟ್ಟುಬಿಡಿ. ಕಾಲಿಗೆ ಗಾಯವಾಗಿ ಆ ವಾರ ಆಡದೆ ಕುಳಿತವರು ಒಳ್ಳೆಯ ಆಯ್ಕೆ.

ಏಟು ಎಲ್ಲಿಂದ ಬರುತ್ತದೆ

ಕರಾವಳಿಯ ಕಾಲೇಜುಗಳಲ್ಲಿ ಕಬಡ್ಡಿಯದ್ದೇ ದೊಡ್ಡ ಪಾಲು, ಹಾಗಾಗಿ ಅದನ್ನೇ ಹತ್ತಿರದಿಂದ ನೋಡೋಣ. ರೈಡರ್ ಬೋನಸ್‌ಗೆ ಕಾಲು ಚಾಚುತ್ತಾನೆ. ಕಾರ್ನರ್‌ನವನು ಆ್ಯಂಕಲ್ ಹಿಡಿಯಲು ಮುಂದಕ್ಕೆ ಬಗ್ಗಿ ಹಾರುತ್ತಾನೆ, ತಲೆ ಮೊದಲು ಹೋಗುತ್ತದೆ. ಅದೇ ಕ್ಷಣ ಕವರ್‌ನವನು ಪಕ್ಕದಿಂದ ನುಗ್ಗುತ್ತಾನೆ. ರೈಡರ್ ತಪ್ಪಿಸಿಕೊಂಡರೆ ನಮ್ಮದೇ ತಂಡದ ಎರಡು ತಲೆಗಳು ಡಿಕ್ಕಿ ಹೊಡೆಯುತ್ತವೆ. ಎಲ್ಲರ ಕಣ್ಣು ಮಿಡ್‌ಲೈನ್ ಮುಟ್ಟಿದ ರೈಡರ್ ಮೇಲೆ, ಶಿಳ್ಳೆ, ಚಪ್ಪಾಳೆ. ಡಿಕ್ಕಿ ಹೊಡೆದವರಲ್ಲಿ ಒಬ್ಬ ಎದ್ದು ಬೆನ್ನ ಮಣ್ಣು ಕೊಡವಿಕೊಂಡು ತನ್ನ ಜಾಗಕ್ಕೆ ಬದಲು ಬಲಗಡೆಗೆ ಹೋಗಿ ನಿಲ್ಲುತ್ತಾನೆ. ಬೆಂಚಿನಿಂದ ನೋಡುವವರು ನೋಡಬೇಕಾದ್ದು ಆ ಎರಡು ಸೆಕೆಂಡ್.

ಡ್ಯಾಶ್‌ನಲ್ಲಿ (ರೈಡರ್‌ನನ್ನು ಗುದ್ದಿ ಗೆರೆಯಾಚೆ ತಳ್ಳುವುದು) ಬೇರೆ ಥರ. ಎದೆಗೆ ಹೊಡೆತ ಬಿದ್ದು ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿರದಿದ್ದರೆ ತಲೆಯ ಹಿಂಭಾಗ ಮೊದಲು ನೆಲ ಮುಟ್ಟುತ್ತದೆ. ಪುರುಷರ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲ. ಮ್ಯಾಟ್ ಅಷ್ಟಕ್ಕೇ ಮುಗಿದು ಅಂಚಿನಲ್ಲಿ ಕಾಂಕ್ರೀಟ್ ಇದ್ದರೆ ಡ್ಯಾಶ್ ಆದವನ ಮಂಡೆ ಬೀಳುವುದು ಆ ಕಾಂಕ್ರೀಟಿನ ಮೇಲೆ. ಗೆರೆಯಾಚೆಗೂ ಮ್ಯಾಟ್ ಹಾಸಿ, ಸ್ಕೋರರ್ ಮೇಜು, ಧ್ವನಿವರ್ಧಕದ ಕಂಬ ದೂರ ಸರಿಸಿ, ಹಲ್ಲುಹಲ್ಲಾಗಿ ಕೂಡಿಸುವ ಮ್ಯಾಟ್‌ಗಳ ಸಂದು ಹಾಫ್‌ಟೈಮಿನಲ್ಲಿ ಬಿಟ್ಟುಕೊಂಡಿದೆಯೇ ಎಂದು ಕಾಲಿನಿಂದ ಒತ್ತಿ ನೋಡಿ. ತರಬೇತಿಯಲ್ಲಿ ಗದ್ದ ಒತ್ತಿ ಬೀಳುವ ಅಭ್ಯಾಸವನ್ನೂ, ಹಿಡಿಯುವಾಗ ತಲೆಯನ್ನು ರೈಡರ್‌ನ ದೇಹದ ಬದಿಗೆ ಇಡುವುದನ್ನೂ ಕಲಿಸಿ.

ಉಳಿದ ಆಟಗಳಲ್ಲಿ: ಫುಟ್‌ಬಾಲಿನಲ್ಲಿ ಹೆಡರ್‌ಗೆ ಇಬ್ಬರೂ ಹಾರಿದಾಗ ಚೆಂಡಿಗಿಂತ ಎದುರಾಳಿಯ ತಲೆ, ಮೊಣಕೈ, ಕ್ರಿಕೆಟಿನಲ್ಲಿ ಬೌನ್ಸರ್, ಶಾರ್ಟ್ ಲೆಗ್, ಒಂದೇ ಕ್ಯಾಚ್‌ಗೆ ಓಡುವ ಇಬ್ಬರು, ವಾಲಿಬಾಲಿನಲ್ಲಿ ವಾರ್ಮ್‌ಅಪ್ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದವರ ಮುಖಕ್ಕೆ ಬಡಿಯುವ ಸ್ಮ್ಯಾಶ್. ಹೆಲ್ಮೆಟ್ ಬುರುಡೆ ಬಿರಿಯದಂತೆ ಕಾಯುತ್ತದೆ, ಒಳಗಿನ ಕುಲುಕಾಟವನ್ನು ತಡೆಯಲಾರದು. ಜೋರಾಗಿ ಏಟು ತಿಂದ ಕ್ರಿಕೆಟ್ ಹೆಲ್ಮೆಟ್ಟನ್ನು ಕಿಟ್ ಬ್ಯಾಗಿಗೆ ಮತ್ತೆ ಹಾಕಬೇಡಿ, ಬದಲಿಸಿ. ಒಂದೇ ಬಗೆಯ ಆಟದಲ್ಲಿ ಹುಡುಗಿಯರಿಗೆ ಕನ್‌ಕಷನ್ ಆಗುವ ಪ್ರಮಾಣ ಹುಡುಗರಿಗಿಂತ ಹೆಚ್ಚು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದ್ದ ಒಬ್ಬ ಫಿಸಿಯೋ ಹುಡುಗರ ಪಂದ್ಯಕ್ಕೇ ಹೋಗುವ ರೂಢಿ ಇದ್ದರೆ ಅದನ್ನು ಬಿಟ್ಟುಬಿಡಿ.

ಅಂಕಣದ ಬದಿಯಲ್ಲಿ

ಪೆಟ್ಟು ಬಿದ್ದವರು ಅಲುಗದೆ ಮಲಗಿದ್ದರೆ ಅಥವಾ ಕುತ್ತಿಗೆ ನೋವು ಎಂದರೆ ಕೈಕಾಲು ಹಿಡಿದು ಎತ್ತಬೇಡಿ. ತಲೆಯ ಎರಡೂ ಬದಿ ಕೈಯಿಟ್ಟು ಅಲುಗದಂತೆ ಹಿಡಿದು, ಉಸಿರು ನೋಡಿ, 108ಕ್ಕೆ ಕರೆ ಮಾಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಅವಸರ ಬೇಡ. ಮುಖಕ್ಕೆ ನೀರು ಎರಚುವುದು, ಬಾಯಿಗೆ ನೀರು ಬಿಡುವುದು ಬೇಡ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವುದು ಇನ್ನೂ ನಡೆಯುತ್ತಿದೆ. ಅದರಿಂದ ಏನೂ ಆಗದು, ಹೊತ್ತು ಮಾತ್ರ ಹೋಗುತ್ತದೆ. ಬಾಯೊಳಗೆ ಏನನ್ನೂ ತುರುಕಬೇಡಿ.

ಎದ್ದು ನಿಂತವರನ್ನು ನೆರಳಿಗೆ ಕರೆದುಕೊಂಡು ಹೋಗಿ ಐದು ಪ್ರಶ್ನೆ ಕೇಳಿ. ಈಗ ಯಾವ ಮೈದಾನದಲ್ಲಿದ್ದೇವೆ? ಇದು ಮೊದಲ ಹಾಫೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರು ತಂದರು? ಹಿಂದಿನ ಪಂದ್ಯ ಯಾರ ಮೇಲೆ? ಅದನ್ನು ಗೆದ್ದೆವೋ ಸೋತೆವೋ? "ಹೆಸರೇನು, ಎಷ್ಟು ಬೆರಳು" ಎಂದು ಕೇಳುವುದು ದಂಡ. ಕನ್‌ಕಷನ್ ಆದವರು ತಮ್ಮ ಹೆಸರನ್ನು ಸಲೀಸಾಗಿ ಹೇಳುತ್ತಾರೆ, ಜಾರಿಹೋಗುವುದು ಹೊಸ ನೆನಪು. ಮನೆಯಲ್ಲಿ ಆಡುವ ಭಾಷೆಯಲ್ಲೇ ಕೇಳಿ, ತುಳುವೋ ಕೊಂಕಣಿಯೋ ಬ್ಯಾರಿಯೋ. ಹೊರ ಜಿಲ್ಲೆಯಿಂದ ಬಂದವರನ್ನು ತುಳುವಿನಲ್ಲಿ ಕೇಳಿಬಿಟ್ಟು, ಆಮೇಲೆ ತಡವರಿಸಿದರೆಂದು ಗಾಬರಿಯಾಗಬೇಡಿ.

ಒಂದು ತಪ್ಪಾದರೂ ಆಟ ಮುಗಿಯಿತು. ಐದೂ ಸರಿ ಹೇಳಿದರೂ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜು, "ಮಂಡೆ ಗಿಂ ಅಂತದೆ" ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಆಗಲೂ ಮುಗಿಯಿತು. ಪ್ರಶ್ನೆಗಳು ಹೊರಗೆ ಕಳಿಸಲು ಇರುವವು, ಒಳಗೆ ಬಿಡಲು ಅಲ್ಲ.

ಇಲ್ಲಿನ ಸೆಕೆ ಒಂದು ತೊಡಕು. ಮಾರ್ಚಿನ ಮಧ್ಯಾಹ್ನ ಬೆವರಿ ಬಸವಳಿದವರಿಗೂ ತಲೆನೋವು, ತಲೆಸುತ್ತು ಇರುತ್ತದೆ. "ಬಿಸಿಲಿನದ್ದು ಇರಬೇಕು" ಎಂದು ಒಂದು ಎಳನೀರು ಕುಡಿಸಿ ಮರಳಿ ಕಳಿಸುವುದು ಸುಲಭ. ಎಳನೀರು ಕುಡಿಸಿ, ಕಳಿಸಬೇಡಿ. ಏಟು ಬಿದ್ದದ್ದನ್ನು ಯಾರಾದರೂ ಕಂಡಿದ್ದರೆ ಅದನ್ನು ಕನ್‌ಕಷನ್ ಎಂದೇ ಹಿಡಿಯಬೇಕು.

ಲಕ್ಷಣ ತಡವಾಗಿ ಬರುವುದಕ್ಕೆ ಎಲ್ಲರೂ ನೋಡಿದ ಉದಾಹರಣೆಯೇ ಇದೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಪರೀಕ್ಷೆಯಲ್ಲಿ ಪಾಸಾಗಿ ಸ್ಮಿತ್ ಮತ್ತೆ ಬ್ಯಾಟಿಂಗಿಗೆ ಬಂದರು. ಮಾರನೆಯ ದಿನ ಲಕ್ಷಣಗಳು ಕಾಣಿಸಿಕೊಂಡು ಹೊರಗುಳಿದರು, ಅವರ ಬದಲು ಮಾರ್ನಸ್ ಲಾಬುಶೇನ್ ಟೆಸ್ಟ್ ಕ್ರಿಕೆಟಿನ ಮೊದಲ ಕನ್‌ಕಷನ್ ಬದಲಿ ಆಟಗಾರನಾದರು. ಅಷ್ಟೆಲ್ಲ ವೈದ್ಯರು ಇದ್ದಲ್ಲೇ ಹೀಗಾದರೆ ನಮ್ಮ ಮೈದಾನದ ಐದು ಪ್ರಶ್ನೆಗೆ ಎಷ್ಟು ಮಿತಿ ಇರಬಹುದು. ಮೊದಲ ಒಂದು ಗಂಟೆ 10–15 ನಿಮಿಷಕ್ಕೊಮ್ಮೆ ಮತ್ತೆ ಮಾತಾಡಿಸಿ, ಒಬ್ಬರನ್ನೇ ಎಲ್ಲೂ ಬಿಡಬೇಡಿ, ಸ್ಕೂಟರ್ ಕೀ ತೆಗೆದಿಟ್ಟುಕೊಳ್ಳಿ.

ಕಾಯಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆ: ಪ್ರಜ್ಞೆ ತಪ್ಪುವುದು, ಫಿಟ್ಸ್, ವಾಂತಿ, ಕಡಿಮೆಯಾಗದೆ ಏರುತ್ತಲೇ ಇರುವ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲುಗಳಲ್ಲಿ ಬಲ ಇಲ್ಲದಿರುವುದು ಅಥವಾ ಜುಮ್ಮೆನ್ನುವುದು, ಕುತ್ತಿಗೆ ನೋವು, ಎಬ್ಬಿಸಿದರೂ ಮತ್ತೆ ಮತ್ತೆ ಮಂಪರಿಗೆ ಜಾರುವುದು, ಇದ್ದಕ್ಕಿದ್ದಂತೆ ಗಲಾಟೆಗೆ, ಹೊಡೆದಾಟಕ್ಕೆ ಇಳಿಯುವುದು, ಬುರುಡೆಯಲ್ಲಿ ತಗ್ಗು. ಕಿವಿಯಿಂದಲೋ ಮೂಗಿನಿಂದಲೋ ತಿಳಿನೀರು ಬಂದರೂ ಅಷ್ಟೇ.

1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಭಾರತದ ಮಾಜಿ ಆಟಗಾರ ರಮಣ್ ಲಾಂಬಾ ಹೆಲ್ಮೆಟ್ ಹಾಕದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ತಲೆಗೆ ಚೆಂಡು ಬಡಿದ ಮೇಲೂ ತಾವೇ ನಡೆದು ಮೈದಾನದಿಂದ ಹೊರಗೆ ಹೋದರು. ಮೂರು ದಿನಕ್ಕೆ ತೀರಿಕೊಂಡರು, ಮೆದುಳಿನೊಳಗೆ ರಕ್ತ ಸೋರಿತ್ತು. ಮೊದಲು ಚೆನ್ನಾಗಿದ್ದು ಆಮೇಲೆ ಕುಸಿಯುವುದು ಇಂಥ ರಕ್ತಸ್ರಾವದ ಸ್ವಭಾವ. ನಡೆದು ಹೋದರು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ.

ಯಾವ ಆಸ್ಪತ್ರೆ ಎಂಬುದು ಪಂದ್ಯದ ಹಿಂದಿನ ದಿನವೇ ತೀರ್ಮಾನವಾಗಿರಲಿ. ಕೇಳಬೇಕಾದ್ದು ಎರಡೇ: ಸಿ.ಟಿ. ರಾತ್ರಿಯೂ ನಡೆಯುತ್ತದೆಯೇ, ನ್ಯೂರೋಸರ್ಜನ್ ಸಿಗುತ್ತಾರೆಯೇ. ಮಂಗಳೂರಿನ ನೆಹರೂ ಮೈದಾನದಿಂದ ಹಂಪನಕಟ್ಟೆಯ ವೆನ್ಲಾಕ್ ಕೂಗಳತೆಯಲ್ಲಿದೆ. ಉಡುಪಿಯ ಅಜ್ಜರಕಾಡಿನಲ್ಲಿ ಪಂದ್ಯವಿದ್ದರೆ ಜಿಲ್ಲಾ ಆಸ್ಪತ್ರೆ ಪಕ್ಕದಲ್ಲೇ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಐದಾರು ಕಿಲೋಮೀಟರ್. ಒಳಗಿನ ಊರಿನ ಕಾಲೇಜಿನಲ್ಲಿ ಆಡುವಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ನಗರಕ್ಕೆ ಎಂದು ಒಂದೂವರೆ ಗಂಟೆ ಕಳೆದುಹೋಗುವುದುಂಟು. ಅಲ್ಲಿ ಆಂಬುಲೆನ್ಸ್ ಬರುವ ದಾರಿಯಲ್ಲಿ ಬೈಕು ನಿಲ್ಲಿಸದಂತೆ ಒಬ್ಬ ಸ್ವಯಂಸೇವಕನನ್ನು ನಿಲ್ಲಿಸಿ.

ಮೊದಲ 48 ಗಂಟೆ, ಹಾಸ್ಟೆಲಿನಲ್ಲೋ ಮನೆಯಲ್ಲೋ

ಅಪಾಯದ ಲಕ್ಷಣ ಇಲ್ಲದಿದ್ದರೂ ವೈದ್ಯರಿಗೊಮ್ಮೆ ತೋರಿಸಿಯೇ ಹಾಸ್ಟೆಲಿಗೆ ಕಳಿಸಿ. ಮೊದಲ 24 ಗಂಟೆ ಜೊತೆಗೊಬ್ಬರು ಬೇಕು. ಮೇಲಿನ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದು, ಪಿ.ಡಿ. ನಂಬರ್, 108 ಹಾಕಿ ರೂಮ್‌ಮೇಟ್ ಕೈಗೆ ಕೊಡಿ. ವಾರ್ಡನ್‌ಗೂ ತಿಳಿಸಿ, ರಾತ್ರಿ ಗೇಟ್ ತೆರೆಸುವ ಹೊತ್ತಲ್ಲಿ ಚರ್ಚೆ ಬೇಡ.

ನಿದ್ದೆ ಮಾಡಲು ಬಿಡಬಾರದು ಎಂಬುದು ಹಳೆಯ ನಂಬಿಕೆ. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆ ಒಳ್ಳೆಯದೇ, ಗಂಟೆಗೊಮ್ಮೆ ಎಬ್ಬಿಸಿ ಹೈರಾಣು ಮಾಡಬೇಕಿಲ್ಲ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ಈಗ ಕೈಬಿಟ್ಟ ಪದ್ಧತಿ. 2022ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸೇರಿದ ಕ್ರೀಡಾ ಕನ್‌ಕಷನ್ ತಜ್ಞರ ಸಭೆಯ ಒಮ್ಮತದ ಹೇಳಿಕೆಯ ಪ್ರಕಾರ ಒಂದೆರಡು ದಿನ ಸಾಧಾರಣ ವಿಶ್ರಾಂತಿ, ನಡೆದಾಟ, ದಿನನಿತ್ಯದ ಸಣ್ಣ ಕೆಲಸ ಸರಿ. ಕಡಿತವಾಗಬೇಕಾದ್ದು ಮೊಬೈಲ್. ಮಲಗಿಕೊಂಡು ಒಂದೇ ಸಮನೆ ರೀಲ್ಸ್ ತಿರುಗಿಸುವುದು ವಿಶ್ರಾಂತಿಯಲ್ಲ. ಮೊದಲ ಎರಡು ದಿನ ಸ್ಕ್ರೀನ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ತಲೆನೋವಿಗೆ ಪ್ಯಾರಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಸಾಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಗಂಟೆ ಬಿಡಿ. ಸ್ಪೋರ್ಟ್ಸ್ ಕಿಟ್ಟಿನಲ್ಲಿ ಸದಾ ಇರುವ ಕಾಂಬಿಫ್ಲಾಂ ಬೇಡ. ಅದರಲ್ಲಿ ಐಬುಪ್ರೊಫೆನ್ ಇದೆ. ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುವ ಮಾತ್ರೆಯನ್ನು ಮೊದಲ ಎರಡು ದಿನ, ಒಳಗೆ ಸೋರಿಕೆ ಇಲ್ಲವೆಂದು ಖಚಿತವಾಗುವವರೆಗೆ ದೂರವಿಡುವುದು ಜಾಣತನ. ಆಟದ ಹೊತ್ತಿನಲ್ಲಿ ನೋವಿನ ಮಾತ್ರೆ ನುಂಗಿಸಿ ಮತ್ತೆ ಇಳಿಸುವುದಂತೂ ಲಕ್ಷಣವನ್ನು ಮುಚ್ಚಿ ಅಪಾಯವನ್ನು ತೆರೆದಿಟ್ಟಂತೆ. ಮದ್ಯ, ನಿದ್ದೆ ಮಾತ್ರೆ, ಬೈಕ್ ಬೇಡ. ಮನೆಗೆ ಹೋದರೆ ಅಮ್ಮನೋ ಅಜ್ಜಿಯೋ ಬಿಸಿ ಎಣ್ಣೆ ಹಾಕಿ ತಲೆ ತಿಕ್ಕಲು ಕೂರುತ್ತಾರೆ. ದೃಷ್ಟಿ ತೆಗೆಯಲು ನಮ್ಮ ಅಡ್ಡಿಯಿಲ್ಲ, ಎಣ್ಣೆ ತಿಕ್ಕುವುದು ಬೇಡ. ಊಟಕ್ಕೆ ಪಥ್ಯವೇನಿಲ್ಲ, ವಾಕರಿಕೆ ಇದ್ದರೆ ಕುಚ್ಚಲಕ್ಕಿ ಗಂಜಿ ಇಳಿಯುತ್ತದೆ.

ಕ್ಲಾಸು, ಇಂಟರ್ನಲ್ಸ್

ಮೈದಾನಕ್ಕಿಂತ ಮೊದಲು ಪುಸ್ತಕಕ್ಕೆ ಮರಳಬೇಕು. ಅರ್ಧ ಗಂಟೆ ಓದಿ, ಹತ್ತು ನಿಮಿಷ ಬಿಟ್ಟು, ಮತ್ತೆ ಓದಿ. ತಲೆನೋವು ಏರಿದರೆ ಅಂದಿಗೆ ಸಾಕು. ಪ್ರೊಜೆಕ್ಟರ್ ಬೆಳಕಿನ ಎದುರು ಕೂರದೆ ಹಿಂದಿನ ಬೆಂಚಿಗೆ ಹೋಗಲು ಇದೊಂದು ಒಳ್ಳೆಯ ನೆಪ. ಆ ವಾರ ಇಂಟರ್ನಲ್ ಟೆಸ್ಟ್ ಇದ್ದರೆ ಮುಂದೂಡಿಸಲು ಪ್ರಿನ್ಸಿಪಾಲರಿಗೆ ವೈದ್ಯರ ಪತ್ರ ಬೇಕು. ಪತ್ರದಲ್ಲಿ ಪೆಟ್ಟು ಬಿದ್ದ ದಿನಾಂಕ, ಎಷ್ಟು ದಿನ ಓದಿಗೆ ಮಿತಿ, ಎಷ್ಟು ದಿನ ಆಟಕ್ಕೆ ನಿಷೇಧ, ಮೂರೂ ಬೇರೆ ಬೇರೆ ಸಾಲಿನಲ್ಲಿರಲಿ. ಬರೀ 'ವಿಶ್ರಾಂತಿ ಬೇಕು' ಎಂದಿದ್ದರೆ ಹಾಜರಾತಿಯ ಲೆಕ್ಕ ಮಾಡುವವರಿಗೂ ಗೊಂದಲ, ಪಿ.ಡಿ.ಗೂ ಗೊಂದಲ.

ಅಂಕಣಕ್ಕೆ ಆರು ಮೆಟ್ಟಿಲು

ಪ್ರತಿ ಮೆಟ್ಟಿಲಿಗೆ ಕನಿಷ್ಠ 24 ಗಂಟೆ. ಅಂದರೆ ಎಲ್ಲವೂ ನೆಟ್ಟಗೆ ನಡೆದರೂ ವಾರದ ಹತ್ತಿರ ಹಿಡಿಯುತ್ತದೆ. ಅಧ್ಯಯನಗಳಲ್ಲಿ ಪೂರ್ತಿ ಮರಳಲು ಹಿಡಿದ ಸರಾಸರಿ ಇಪ್ಪತ್ತು ದಿನದ ಆಸುಪಾಸು. ವ್ಯಾಯಾಮಕ್ಕೆ ಮುಂಚೆ ಲಕ್ಷಣಗಳಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆಸಿ, ಮುಗಿದ ಮೇಲೆ ಮತ್ತೊಮ್ಮೆ. ಎರಡಕ್ಕಿಂತ ಹೆಚ್ಚು ಏರಿದರೆ ಅಥವಾ ಏರಿದ್ದು ಒಂದು ಗಂಟೆಯಲ್ಲಿ ಇಳಿಯದಿದ್ದರೆ ನಿಲ್ಲಿಸಿ, ಮಾರನೆಯ ದಿನ ಮತ್ತೆ ಪ್ರಯತ್ನಿಸಿ.

1. ನಡಿಗೆ, ಮನೆಗೆಲಸ, ಕ್ಲಾಸು.

2. ಹಗುರ ವ್ಯಾಯಾಮ, ಆಮೇಲೆ ಸ್ವಲ್ಪ ಜೋರು. ನಾಡಿಮಿಡಿತದ ಗರಿಷ್ಠ ಮಿತಿಯ 55 ಶೇಕಡಾದವರೆಗೆ ಮೊದಲು, 70ರವರೆಗೆ ನಂತರ. ಸ್ಮಾರ್ಟ್ ವಾಚ್ ಬೇಕಿಲ್ಲ. 220ರಿಂದ ವಯಸ್ಸು ಕಳೆಯಿರಿ: 20ರವರಿಗೆ 200. ಹಾಗಾದರೆ ಮಿತಿ ನಿಮಿಷಕ್ಕೆ 110, ಆಮೇಲೆ 140. ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿದರೆ ಕ್ರಮವಾಗಿ 27, 35. ಸ್ಥಿರ ಸೈಕಲ್ ಒಳ್ಳೆಯದು, ತಲೆ ಕುಲುಕುವುದಿಲ್ಲ. ಭಾರ ಎತ್ತುವುದಿದ್ದರೆ ಹಗುರವಾದದ್ದು ಮಾತ್ರ.

3. ಒಬ್ಬರೇ ಮಾಡುವ, ತಲೆಗೆ ಏಟಿನ ಭಯವಿಲ್ಲದ ಆಟದ ಅಭ್ಯಾಸ. ಕಬಡ್ಡಿಯವರಿಗೆ ಎದುರಾಳಿ ಇಲ್ಲದ ರೈಡ್, ಫುಟ್‌ವರ್ಕ್, ತಿರುವು. ಕ್ರಿಕೆಟಿನವರಿಗೆ ಶ್ಯಾಡೋ ಬ್ಯಾಟಿಂಗ್, ಓಟ. ಫುಟ್‌ಬಾಲಿನವರಿಗೆ ಡ್ರಿಬ್ಲಿಂಗ್, ಹೆಡರ್ ಇಲ್ಲ.

ಇಲ್ಲಿಗೊಂದು ಗೇಟು. ಲಕ್ಷಣಗಳು ಪೂರ್ತಿ ಹೋಗಿರಬೇಕು, ಬೆವರಿಳಿಸಿದ ಮೇಲೂ ಬರಬಾರದು, ವೈದ್ಯರ ಒಪ್ಪಿಗೆ ಇರಬೇಕು. ಆಮೇಲೆ ನಾಲ್ಕನೆಯದು.

4. ತಂಡದ ಜೊತೆ, ಮೈ ತಾಗದ ಡ್ರಿಲ್. ಕಬಡ್ಡಿಯಲ್ಲಿ ಕೈಕೈ ಹಿಡಿದ ಚೈನ್ ಚಲನೆ ಮಾಡಬಹುದು, ರೈಡರ್‌ನನ್ನು ಹಿಡಿಯುವಂತಿಲ್ಲ.

5. ಪೂರ್ಣ ಅಭ್ಯಾಸ. ಹಿಡಿತ, ಡ್ಯಾಶ್, ಹೆಡರ್, ನೆಟ್ಸ್‌ನಲ್ಲಿ ವೇಗದ ಬೌಲಿಂಗ್. ಇಲ್ಲಿ ನೋಡಬೇಕಾದ್ದು ಮೈಯನ್ನಲ್ಲ, ಧೈರ್ಯವನ್ನು. ಆ್ಯಂಕಲ್‌ಗೆ ಬಗ್ಗುವಾಗ ಕಣ್ಣು ಮುಚ್ಚುವವರು, ಅರ್ಧಕ್ಕೇ ಹಿಂಜರಿಯುವವರು ಇನ್ನೊಂದು ಪೆಟ್ಟನ್ನು ಕರೆದುಕೊಂಡಂತೆ. ಅವರಿಗೆ ಇನ್ನೆರಡು ದಿನ ಕೊಡಿ.

6. ಪಂದ್ಯ.

ನಾಲ್ಕರಿಂದ ಮೇಲೆ ಲಕ್ಷಣ ಮರಳಿದರೆ ಮೂರಕ್ಕೆ ಇಳಿಸಿ. ಕನ್‌ಕಷನ್ ಆದ ನಂತರದ ತಿಂಗಳುಗಳಲ್ಲಿ ಮೊಣಕಾಲು, ಕಣಕಾಲಿನ ಗಾಯಗಳ ಪ್ರಮಾಣವೂ ಹೆಚ್ಚು ಎಂದು ಕಂಡುಬಂದಿದೆ. ಸಮತೋಲನದ ಅಭ್ಯಾಸವನ್ನು, ಒಂಟಿ ಕಾಲಿನಲ್ಲಿ ನಿಂತು ಚೆಂಡು ಹಿಡಿಯುವಂಥದ್ದನ್ನು, ಮರಳಿದ ಮೇಲೂ ಮುಂದುವರಿಸಿ. ನಾಲ್ಕು ವಾರವಾದರೂ ಲಕ್ಷಣ ಬಿಡದಿದ್ದರೆ ಮೆಟ್ಟಿಲುಗಳನ್ನು ಬದಿಗಿಟ್ಟು ನರರೋಗ ತಜ್ಞರನ್ನು ಕಾಣಿಸಿ. ಎಷ್ಟೋ ಸಲ ಕುತ್ತಿಗೆಯ ಅಥವಾ ಒಳಕಿವಿಯ ತೊಂದರೆ ಉಳಿದಿರುತ್ತದೆ, ಅದಕ್ಕೆ ಫಿಸಿಯೋಥೆರಪಿ ಇದೆ.

ಕೆಡುವುದು ಎಲ್ಲಿ

ಎರಡು ಕಡೆ. ಒಂದು, ಪರಿಚಯದ ಕ್ಲಿನಿಕ್ಕಿನಿಂದ ಎರಡನೆಯ ದಿನವೇ ಬರುವ 'ಫಿಟ್ ಟು ಪ್ಲೇ' ಚೀಟಿ. ಚೀಟಿ ಬರೆದವರಿಗೆ ಮೊದಲ ಮೂರು ಮೆಟ್ಟಿಲು ಮುಗಿದಿದೆಯೇ ಎಂದು ಗೊತ್ತಿರುವುದಿಲ್ಲ. ಲಕ್ಷಣದ ಅಂಕಗಳ ಹಾಳೆಯನ್ನು ಆಟಗಾರನ ಕೈಯಲ್ಲಿ ಕೊಡದೆ ಪಿ.ಡಿ. ತಾವೇ ವೈದ್ಯರಿಗೆ ಕಳಿಸಲಿ.

ಇನ್ನೊಂದು, ಹೊನಲು ಬೆಳಕಿನ ಪಂದ್ಯಾಟ. ಕಾಲೇಜು ತಂಡದಲ್ಲಿ ಎರಡನೆಯ ಮೆಟ್ಟಿಲಲ್ಲಿರುವವನು ಶನಿವಾರ ರಾತ್ರಿ ಊರಿನ ಯುವಕ ಮಂಡಲದ ಜೆರ್ಸಿ ಹಾಕಿ ಆಡಿ ಬರುತ್ತಾನೆ, ಸೋಮವಾರ "ರೆಸ್ಟ್ ಮಾಡಿದೆ ಸರ್" ಎನ್ನುತ್ತಾನೆ. ಊರ ತಂಡಕ್ಕೆ ಅವನ ತಲೆ ಪೆಟ್ಟು ಗೊತ್ತಿಲ್ಲ, ಗೊತ್ತಾದರೂ ಅಲ್ಲಿ ಟ್ರೋಫಿ ಜೊತೆ ನಗದು ಇದೆ. ಆದ್ದರಿಂದ ಋತುವಿನ ಆರಂಭದಲ್ಲೇ ಪ್ರತಿ ಆಟಗಾರರಿಂದ ಅವರು ಆಡುವ ಊರ ತಂಡದ ಹೆಸರು, ಅದರ ಮ್ಯಾನೇಜರ್ ನಂಬರ್ ಬರೆಸಿಕೊಳ್ಳಿ. ತಲೆ ಪೆಟ್ಟು ಬಿದ್ದ ದಿನ ಮೂರು ಫೋನ್ ಹೋಗಬೇಕು: ಮನೆಗೆ, ವಾರ್ಡನ್‌ಗೆ, ಆ ಮ್ಯಾನೇಜರ್‌ಗೆ. ಮೂರನೆಯದನ್ನು ಆಟಗಾರನ ಎದುರಿನಲ್ಲೇ, ಸ್ಪೀಕರ್ ಹಾಕಿ ಮಾಡಿ.